ಏಳು ವರ್ಷದ ಲೆಕ್ಕ

ತೂಬಗೆರೆಯಲ್ಲಿ ಹಲಸಿನ ಕಾಲ. ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸುತ್ತಿದ್ದ ನಿವೃತ್ತ ಮೇಷ್ಟ್ರನ್ನು ಕಾನೂನು ಓದುವ ಮೊಮ್ಮಗಳು ಕೆಣಕಿದ್ದು ಅಮೆರಿಕದ ಸಂಗತಿ ಎತ್ತಿ. ಕಾಗದಪತ್ರವಿಲ್ಲದೆ ನೆಲೆಸಿದವರ ಮಕ್ಕಳಿಗೂ ಸ್ಥಳೀಯರ ದರದಲ್ಲೇ ಕಾಲೇಜು ಶುಲ್ಕ ಎಂದು 2001ರಲ್ಲಿ ಮೊದಲು ಕಾನೂನು ಮಾಡಿದ ರಾಜ್ಯ ಟೆಕ್ಸಾಸ್. 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದಾವೆ ಹೂಡಿದ ದಿನವೇ ರಾಜ್ಯ ರಾಜಿಗೆ ಒಪ್ಪಿತು, ಕಾನೂನು ಬಿದ್ದುಹೋಯಿತು.

"ಸರಿಯಾಗೇ ಆಯ್ತು. ಸೀಟಿನ ಖರ್ಚು ಅಲ್ಲಿಯವರ ತೆರಿಗೆಯದು. ಕದ್ದು ಬಂದವನಿಗೆ ಯಾಕೆ ರಿಯಾಯ್ತಿ?"

"ತಾತ, ಬಂದವನು ಅಪ್ಪ. ಮಗು ಕಂಕುಳಲ್ಲಿತ್ತು. ಸೋಪು ಕೊಂಡರೂ ಅವನು ತೆರಿಗೆ ಕಟ್ತಾನಲ್ಲ?"

"ಹಾಗಾದ್ರೆ ಘಾಟಿ ಜಾತ್ರೇಲಿ ಸೋಪು ಕೊಂಡವರೆಲ್ಲ ನಮ್ಮೂರವರೇ."

ಏಟು ಸರಿಯಾಗಿ ಬಿತ್ತು. ಹುಡುಗಿ ಟೆಕ್ಸಾಸ್ ಬಿಟ್ಟು ತುಮಕೂರಿಗೆ ಬಂದಳು. 1989ರಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ಗೊತ್ತುಮಾಡಿದ ವಾರ್ಷಿಕ ಶುಲ್ಕ: ಸರ್ಕಾರಿ ಸೀಟಿಗೆ 2,000 ರೂಪಾಯಿ, ರಾಜ್ಯದ ಉಳಿದವರಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ. ತುಮಕೂರಿನ ಅಗಳಕೋಟೆಯ ಕಾಲೇಜಿನಲ್ಲಿ ಸೀಟು ಬಯಸಿದ ಮೀರತ್‌ನ ಹುಡುಗಿ ಸುಪ್ರೀಂ ಕೋರ್ಟಿಗೆ ಹೋದಳು. 1992ರ ಮೋಹಿನಿ ಜೈನ್ ತೀರ್ಪು ಆ 60,000ವನ್ನು ಕ್ಯಾಪಿಟೇಷನ್ ಎಂದೇ ಕರೆಯಿತು.

"ಅದೇ ಕೋರ್ಟು 1955ರಲ್ಲಿ, ಇಂದೋರ್ ಮೆಡಿಕಲ್ ಕಾಲೇಜು ಹೊರಗಿನವರಿಂದ ಮಾತ್ರ ಕ್ಯಾಪಿಟೇಷನ್ ಪಡೆದದ್ದನ್ನ ಎತ್ತಿಹಿಡಿದಿತ್ತು," ಎಂದರು ಮೇಷ್ಟ್ರು. ದಿನಪತ್ರಿಕೆಯ ಮೂಲೆಯನ್ನೂ ಬಿಡದೆ ಓದುವ ಜಾತಿ ಅವರದು.

"ಗೆರೆ ಬೇಡ ಅಂತಿಲ್ಲ. ಯಾವುದರ ಮೇಲೆ ಎಳೀಬೇಕು? ನಮ್ಮ ಸಿಇಟಿ ನೋಡಿ. ಪಿಯುಸಿ ಮುಗಿಯೋದರೊಳಗೆ ಇಲ್ಲಿ ಏಳು ವರ್ಷ ಓದಿ, ಎಸ್ಸೆಸ್ಸೆಲ್ಸಿನೋ ಪಿಯುಸಿನೋ ಇಲ್ಲೇ ಪಾಸಾಗಿದ್ರೆ, ಬಿಹಾರದ ಕೂಲಿಯವನ ಮಗನಿಗೂ ಸರ್ಕಾರಿ ಸೀಟು ಸಿಗಬಹುದು. ಟೆಕ್ಸಾಸ್ ಕೇಳಿದ್ದೂ ಇಂಥದ್ದೇ: ಮೂರು ವರ್ಷದ ವಾಸ, ಅಲ್ಲಿನ ಹೈಸ್ಕೂಲು."

"ನಮ್ಮದರಲ್ಲಿ ಭಾರತದ ಪ್ರಜೆ ಆಗಿರಬೇಕು ಅಂತಲೂ ಇದೆ. ಅದನ್ನ ನುಂಗಬೇಡ."

"ನುಂಗಲ್ಲ. ಅಪ್ಪ ಅಮ್ಮನ ತಪ್ಪಿಗೆ ಮಕ್ಕಳಿಗೆ ಶಾಲೆ ತಪ್ಪಿಸಬಾರದು ಅಂತ 1982ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟು ಹೇಳಿದೆ. ಹನ್ನೆರಡನೇ ತರಗತಿವರೆಗೆ ಓದಿಸಿ, ಕಾಲೇಜಿನ ಬಾಗಿಲಲ್ಲಿ ನೀನು ಯಾರು ಅನ್ನೋದಾ?"

"ಪ್ರಜೆ ಮಾಡೋದು ಪಾರ್ಲಿಮೆಂಟು, ಮಗಳೇ. ಹಾಜರಿ ಪುಸ್ತಕ ಅಲ್ಲ."

"ಪ್ರಜೆ ಮಾಡಬೇಡಿ. ಪಕ್ಕದ ಬೆಂಚಿನವನಷ್ಟೇ ಫೀಸು ತಗೊಳ್ಳಿ, ಸಾಕು."

ಮೇಷ್ಟ್ರು ಇದಕ್ಕೆ ನೇರ ಉತ್ತರ ಕೊಡಲಿಲ್ಲ. "ಆ ಏಳು ವರ್ಷಕ್ಕೂ ಕಾಗದ ಬೇಕಲ್ಲ. ವ್ಯಾಸಂಗ ಪ್ರಮಾಣಪತ್ರ, ಅದಕ್ಕೆ ಬಿಇಒ ಮೇಲುಸಹಿ. ಇಟ್ಟಿಗೆ ಗೂಡಿನ ಹುಡುಗ ನಾಲ್ಕು ಶಾಲೆ ತಿರುಗಿರ್ತಾನೆ. ಅವನು ಭಾರತೀಯನೇ. ಮೊದಲು ಅವನ ಲೆಕ್ಕ ಹೇಳು."

"ನೀವು ಬರೆದುಕೊಡ್ತಿದ್ರಾ?"

"ಕೂತು ಓದಿದ ವರ್ಷಕ್ಕೆ ಕೊಟ್ಟಿದ್ದೀನಿ. ಕೂರದ ವರ್ಷಕ್ಕೆ ಆಗಲ್ಲ ಅಂತ ವಾಪಸ್ ಕಳಿಸಿದ್ದೂ ಉಂಟು."

"ಆ ವರ್ಷ ಅವನು ಎಲ್ಲಿದ್ದ?"

"ಹೊಸಕೋಟೆ ಕಡೆ, ಗೂಡಲ್ಲಿ," ಎಂದರು. "ಕರ್ನಾಟಕದಲ್ಲೇ."