ಮುಡಿಯೂ ಮುಡಿಪೂ



ತಿರುಪತಿಯ ಯಾತ್ರೆಯಿಂದ ಮರಳಿದವರ ಬೋಳುತಲೆಯನ್ನು ಕಂಡೊಡನೆ ಮಡಕಶಿರಾ, ರಾಯದುರ್ಗಗಳ ಸೀಮೆಯ ಜನರು ಪ್ರಸಾದಕ್ಕಾಗಿ ಕೈಯೊಡ್ಡುವರು. ಕನ್ನಡದಲ್ಲಿ ‘ಮುಡಿ ಕೊಡುವುದು’ ಎಂದೂ ತೆಲುಗಿನಲ್ಲಿ ‘ತಲನೀಲಾಲು’ ಎಂದೂ ಕರೆಯಲ್ಪಡುವ ಈ ಸೇವೆಯು ಇಲ್ಲಿನ ಮನೆಮನೆಗೂ ಪರಿಚಿತವಾದುದು. ಆದರೆ ಕೂದಲನ್ನು ತೆಗೆದರೆ ನೋವಿಲ್ಲ. ಕೆಲವು ತಿಂಗಳುಗಳಲ್ಲಿ ಅದು ಮತ್ತೆ ಬೆಳೆಯುವುದು. ಇಂತಹುದನ್ನು ಕೊಟ್ಟರೆ ಭಗವಂತನಿಗೆ ಏನನ್ನು ಕೊಟ್ಟಂತಾಯಿತು ಎಂದು ಕೇಳುವವರುಂಟು.

ಮಾನವನು ಕನ್ನಡಿಯ ಮುಂದೆ ನಿಂತು ಮೊದಲು ತಿದ್ದಿಕೊಳ್ಳುವುದು ತನ್ನ ಕೇಶವನ್ನು. ರೂಪದ ಅಭಿಮಾನಕ್ಕೆ ಅದೇ ನೆಲೆ. ಹೊನ್ನಿಲ್ಲದವನಿಗೂ ಹೊಲವಿಲ್ಲದವನಿಗೂ ಮುಡಿಯುಂಟು. ಆದುದರಿಂದ ಬಡವನೂ ಧನಿಕನಿಗೆ ಸಮನಾಗಿ ಸಲ್ಲಿಸಬಲ್ಲ ಕಾಣಿಕೆಯಿದು. ಎಂತಹ ದೊರೆಯೇ ಆಗಲಿ, ತಲೆಬಾಗದೆ ಕ್ಷೌರವಾಗದು. ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಶೇಖರವಾದ ಕೇಶವು ಹರಾಜಾಗಿ, ಅದರ ಹಣವು ದೇವಸ್ಥಾನದ ಲೆಕ್ಕಕ್ಕೆ ಜಮೆಯಾಗುವುದು. ಭಕ್ತನ ಲೆಕ್ಕಕ್ಕೆ ಜಮೆಯಾಗುವುದಾದರೋ ಅವನು ಬಿಟ್ಟ ಅಹಂಕಾರ ಮಾತ್ರ.

ಬಾಳಿನ ಹೊಸ್ತಿಲುಗಳಲ್ಲಿಯೂ ನಮ್ಮ ಹಿರಿಯರು ಈ ವಿಧಿಯನ್ನಿರಿಸಿದರು. ಮಗುವಿಗೆ ಒಂದನೆಯ ಅಥವಾ ಮೂರನೆಯ ವರ್ಷದಲ್ಲಿ ಚೌಲವೆಂದು ಮನುಸ್ಮೃತಿಯು ಹೇಳುವುದು. ತಂದೆತಾಯಿಗಳು ಗತಿಸಿದಾಗ ಮಗನು ಮುಂಡನ ಮಾಡಿಸಿಕೊಂಡು ಕರ್ಮಕ್ಕೆ ಕೂಡುವನು. ಒಂದು ಬರವಿನ ಗುರುತು, ಇನ್ನೊಂದು ಅಗಲಿಕೆಯ ಗುರುತು.

ಆದರೆ ಇದೇ ಕತ್ತಿಗೆ ಇನ್ನೊಂದು ಮುಖವುಂಟು. ಭಾಗವತದ ದಶಮಸ್ಕಂಧದಲ್ಲಿ, ರುಕ್ಮಿಣಿಯ ಅಣ್ಣನಾದ ರುಕ್ಮಿಯು ಯುದ್ಧದಲ್ಲಿ ಸೋತು ಸೆರೆಸಿಕ್ಕಾಗ, ತಂಗಿಯ ಮೊರೆಯಿಂದ ಅವನ ಪ್ರಾಣ ಉಳಿಯಿತು. ಆದರೂ ಶ್ರೀಕೃಷ್ಣನು ಅವನನ್ನು ಕಟ್ಟಿ, ತಲೆಗೂದಲನ್ನೂ ಮೀಸೆಯನ್ನೂ ಅಲ್ಲಲ್ಲಿ ಬೋಳಿಸಿ ವಿರೂಪಗೊಳಿಸಿದನು. ಬಲರಾಮನು ಬಂದು ಕಟ್ಟು ಬಿಚ್ಚಿ, ಬಂಧುವನ್ನು ಹೀಗೆ ವಿರೂಪಗೊಳಿಸುವುದು ಅವನನ್ನು ಕೊಂದುದಕ್ಕೆ ಸಮಾನವೆಂದು ತಮ್ಮನನ್ನೇ ಆಕ್ಷೇಪಿಸಿದನು. ತಾನಾಗಿ ಕೊಟ್ಟರೆ ಪೂಜೆ; ಹಿಡಿದು ತೆಗೆದರೆ ವಧೆ.

ಈ ಮಾತನ್ನು ಮರೆತು, ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳ ತಲೆಯನ್ನು ಧರ್ಮದ ಹೆಸರಿನಲ್ಲಿ ಬೋಳಿಸಿದ ಮನೆತನಗಳು ಈ ನಾಡಿನಲ್ಲಿದ್ದವು. ಎಂ. ಕೆ. ಇಂದಿರಾ ಅವರು 1976ರ ‘ಫಣಿಯಮ್ಮ’ ಕಾದಂಬರಿಯಲ್ಲಿ ಅಂತಹ ಒಬ್ಬ ಬಾಲವಿಧವೆಯ ಬಾಳನ್ನೇ ಚಿತ್ರಿಸಿದ್ದಾರೆ. ಆ ಎಳೆಯ ತಲೆಗಳನ್ನು ಬಾಗಿಸಿದುದು ಭಕ್ತಿಯಲ್ಲ, ಬಲಾತ್ಕಾರ. ಮುಡಿಯನ್ನು ಕಳೆದುಕೊಂಡವರು ಅವರು; ಪಾಪವನ್ನು ಹೊತ್ತವರು ಸುತ್ತ ನಿಂತು ನೋಡಿದವರು. ಇಂದಿಗೂ ವಿಧವೆಯೊಬ್ಬಳು ಹೂ ಮುಡಿದರೆ ಹುಬ್ಬು ಗಂಟಿಕ್ಕುವವರಿದ್ದಾರೆ. ಆ ಪಾಪದ ಶೇಷವು ಅವರಲ್ಲಿ ಇನ್ನೂ ಉಳಿದಿರುವುದು.

ಜೀರ್ಣೋದ್ಧಾರವೆಂದರೆ ಗುಡಿಯನ್ನು ಕೆಡಹುವುದಲ್ಲ. ಮೂಲವಿಗ್ರಹವನ್ನು ಜೋಪಾನವಾಗಿರಿಸಿ, ಶಿಥಿಲವಾದ ಕಲ್ಲನ್ನು ತೆಗೆಯುವುದು. ಆಚಾರಕ್ಕೂ ಇದೇ ಕ್ರಮ. ಮುಡಿಪಿನ ಮುಡಿಯನ್ನು ಉಳಿಸೋಣ. ಬಲಾತ್ಕಾರದ ಕಲ್ಲನ್ನು ಹೊರಗಿಡೋಣ. ಮುಂದೆ ಕಲ್ಯಾಣಕಟ್ಟೆಯಲ್ಲಿ ತಲೆಬಾಗಿ ಕುಳಿತಾಗ, ಕೂದಲಿನೊಡನೆ ಇನ್ನೇನನ್ನು ಬಿಟ್ಟುಬರಬೇಕೆಂದು ಪ್ರತಿಯೊಬ್ಬರೂ ತಮ್ಮ ಮನಸ್ಸನ್ನೇ ಕೇಳಿಕೊಳ್ಳಲಿ.

ಸರ್ವರಿಗೂ ಶುಭವಾಗಲಿ.