ಮುಪ್ಪಿನ ರೆಪ್ಪೆ ಮತ್ತು ವೈರಾಗ್ಯದ ಅಳತೆ

ಮುಪ್ಪನ್ನು ಒಪ್ಪಿಕೊಳ್ಳುವುದು ವಿವೇಕದ ಲಕ್ಷಣವೆಂದು ಭಾರತೀಯ ಪರಂಪರೆ ಬಹುಕಾಲದಿಂದ ಹೇಳುತ್ತ ಬಂದಿದೆ. ಜನನ, ಮರಣ, ಮುಪ್ಪು, ರೋಗಗಳಲ್ಲಿ ಅಡಗಿರುವ ದುಃಖವನ್ನು ಮನಗಾಣುವುದನ್ನು ಭಗವದ್ಗೀತೆಯ ಹದಿಮೂರನೆಯ ಅಧ್ಯಾಯವು ಜ್ಞಾನದ ಅಂಗಗಳಲ್ಲಿ ಒಂದಾಗಿ ಎಣಿಸುತ್ತದೆ. ಮಹಾಭಾರತದ ಯಯಾತಿಯು ಮಗನಾದ ಪೂರುವಿನ ಯೌವನವನ್ನು ಪಡೆದು ಭೋಗಿಸಿ, ಭೋಗದಿಂದ ಆಸೆ ತಣಿಯದೆಂದು ಅರಿತ ಮೇಲೆ ತನ್ನ ಮುಪ್ಪನ್ನು ತಾನೇ ಮರಳಿ ಹೊತ್ತುಕೊಳ್ಳುತ್ತಾನೆ. ಆದರೆ ಮುಪ್ಪನ್ನು ಒಪ್ಪಿಕೊಂಡವರು ಅದರ ಜೊತೆಗೆ ಬರುವ ಪ್ರತಿಯೊಂದು ಕೊರತೆಯನ್ನೂ ಒಪ್ಪಿಕೊಳ್ಳಬೇಕೆ, ಅಥವಾ ಒಪ್ಪಿಗೆಗೂ ಉದಾಸೀನಕ್ಕೂ ನಡುವೆ ಗೆರೆಯೊಂದಿದೆಯೆ ಎಂಬುದು ಧರ್ಮಜಿಜ್ಞಾಸೆಗೆ ತಕ್ಕ ಪ್ರಶ್ನೆ. ವಯಸ್ಸಾದವರ ಜೋಲುಬಿದ್ದ ಕಣ್ಣರೆಪ್ಪೆಯಂಥ ಸಣ್ಣ ಸಂಗತಿಯಲ್ಲಿ ಈ ಪ್ರಶ್ನೆ ಬಹಳ ಸ್ಪಷ್ಟವಾಗಿ ಎದ್ದು ನಿಲ್ಲುತ್ತದೆ.

1956ರವರೆಗೆ ರಾಯಚೂರಿನೊಂದಿಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದು, ಇಂದು ತೆಲಂಗಾಣಕ್ಕೆ ಸೇರಿರುವ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಊರುಗಳಲ್ಲಿ ಕನ್ನಡ ಮತ್ತು ತೆಲುಗು ಒಂದೇ ಅಂಗಳದಲ್ಲಿ ಕೇಳಿಬರುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಹತ್ತಿ ಮತ್ತು ಭತ್ತದ ಹೊಲಗಳ ಧೂಳು, ಮಗ್ಗದ ಮುಂದೆ ನೂಲಿನ ಮೇಲೆ ನೆಟ್ಟ ದೃಷ್ಟಿ, ಇವುಗಳ ನಡುವೆ ದುಡಿದು ಮುಪ್ಪಾದವರು ಕಣ್ಣಿನ ತೊಂದರೆಯನ್ನು ವಿಚಾರಿಸಿದರೆ 'ವಯಸ್ಸಾತು, ಇನ್ನೇನ್ ನೋಡೋದದ' ಎಂದುಬಿಡುತ್ತಾರೆ. ಈ ಮಾತು ವೈರಾಗ್ಯದಂತೆ ಕೇಳಿಸುತ್ತದೆಯಾದರೂ ಅದು ನಿಜವಾಗಿ ಏನೆಂಬುದನ್ನು ಅರಿಯಬೇಕಾದರೆ ಮೊದಲು ರೆಪ್ಪೆಯ ಕೆಲಸವನ್ನು ಅರಿಯಬೇಕು.

ಶರೀರದಲ್ಲೇ ಅತ್ಯಂತ ತೆಳುವಾದ ಚರ್ಮ ರೆಪ್ಪೆಯದು. ವಯಸ್ಸು ಮತ್ತು ಬಿಸಿಲಿನಿಂದ ಅದರೊಳಗಿನ ಸ್ಥಿತಿಸ್ಥಾಪಕ ಎಳೆಗಳು ಸಡಿಲವಾಗಿ, ಮೇಲ್ರೆಪ್ಪೆಯ ಚರ್ಮ ಮಡಿಕೆಯಾಗಿ ರೆಪ್ಪೆಗೂದಲಿನ ಮೇಲೆ ಇಳಿಬೀಳುವುದನ್ನು ವೈದ್ಯರು ಡರ್ಮಾಟೊಕಲೇಸಿಸ್ ಎನ್ನುತ್ತಾರೆ. ರೆಪ್ಪೆಯನ್ನು ಎತ್ತುವ ಸ್ನಾಯು ಸಡಿಲಗೊಂಡು ರೆಪ್ಪೆಯ ಅಂಚೇ ಕೆಳಗಿಳಿಯುವ ಟೋಸಿಸ್ ಎಂಬ ಸ್ಥಿತಿ ಇದಕ್ಕಿಂತ ಬೇರೆ, ಆದರೆ ಎರಡೂ ಒಟ್ಟಿಗೆ ಇರಬಹುದು. ಹೀಗಾದವರು ತಮಗೇ ತಿಳಿಯದಂತೆ ಹಣೆಯ ಸ್ನಾಯುವಿನಿಂದ ಹುಬ್ಬನ್ನು ಮೇಲೆತ್ತಿ, ಗದ್ದವನ್ನೂ ಎತ್ತಿ ನೋಡುತ್ತಾರೆ. ಹಣೆಯ ಗೆರೆಗಳು ಆಳವಾಗುತ್ತವೆ, ಸಂಜೆಯ ಹೊತ್ತಿಗೆ ಹಣೆ ನೋಯುತ್ತದೆ, ಮಡಿಕೆಯ ಒಳಗೆ ಬೆವರು ನಿಂತು ಚರ್ಮ ತುರಿಸುತ್ತದೆ, ನೋಟದ ಮೇಲ್ಭಾಗ ಮುಚ್ಚಿಹೋಗುತ್ತದೆ.

ರೆಪ್ಪೆಯ ಹಿಂದೆ ಇರುವ ಕಾರ್ನಿಯಾ ಎಂದರೆ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪಟಲ. ನಡುಭಾಗದಲ್ಲಿ ಸುಮಾರು ಅರ್ಧ ಮಿಲಿಮೀಟರ್ ದಪ್ಪವಿರುವ ಈ ಪಟಲದಲ್ಲಿ ರಕ್ತನಾಳಗಳೇ ಇಲ್ಲ. ಇದ್ದಿದ್ದರೆ ಬೆಳಕು ನಿರಾತಂಕವಾಗಿ ಒಳಹೋಗುತ್ತಿರಲಿಲ್ಲ. ಆದ್ದರಿಂದ ತನಗೆ ಬೇಕಾದ ಆಮ್ಲಜನಕದ ಬಹುಪಾಲನ್ನು ಅದು ಕಣ್ಣೀರಿನ ತೆಳುಪದರದ ಮೂಲಕ ಗಾಳಿಯಿಂದಲೇ ಪಡೆಯುತ್ತದೆ, ಆ ಪದರವನ್ನು ನಿಮಿಷಕ್ಕೆ ಹನ್ನೆರಡು ಹದಿನೈದು ಸಲ ಹೊಸದಾಗಿ ಹರಡುವುದು ರೆಪ್ಪೆಯ ಬಡಿತ. ಇಳಿಬಿದ್ದ ಚರ್ಮ ಹೆಚ್ಚಿನವರಲ್ಲಿ ನೋಟಕ್ಕಷ್ಟೇ ಅಡ್ಡಿಯಾದರೂ, ಕೆಲವರಲ್ಲಿ ಅದು ರೆಪ್ಪೆಗೂದಲನ್ನು ಕೆಳಗೊತ್ತುತ್ತದೆ; ಕೂದಲು ಒಳಗೆ ತಿರುಗಿ ಪಟಲವನ್ನು ಉಜ್ಜತೊಡಗಿದರೆ ಗೀರು ಬಿದ್ದು, ಸೋಂಕು ತಗುಲಿ, ಹುಣ್ಣಾಗಿ, ಕೊನೆಗೆ ಜನರು 'ಕಣ್ಣಲ್ಲಿ ಹೂ ಬಿದ್ದಿದೆ' ಎನ್ನುವ ಬಿಳಿ ಕಲೆ ಉಳಿಯಬಹುದು. ಹೊಲದ ಹುಲ್ಲು, ಗರಿ, ತೊಗಟೆಗಳ ಗೀರಿನಿಂದ ಶಿಲೀಂಧ್ರದ ಹುಣ್ಣಾಗುವುದು ದಕ್ಷಿಣ ಭಾರತದ ಕೃಷಿಕರಲ್ಲಿ ಸಾಮಾನ್ಯವಾಗಿರುವುದರಿಂದ, ಮೊದಲೇ ಸವೆದ ಪಟಲಕ್ಕೆ ಅಪಾಯ ಇನ್ನೂ ಹೆಚ್ಚು.

ಚಿಕಿತ್ಸೆಗೂ ಅಪಾಯವಿದೆ. ಹೆಚ್ಚಾದ ಚರ್ಮವನ್ನು ಕತ್ತರಿಸಿ ಹೊಲಿಯುವ ಬ್ಲೆಫರೊಪ್ಲಾಸ್ಟಿ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಚರ್ಮವನ್ನು ಮಿತಿಮೀರಿ ತೆಗೆದರೆ ರೆಪ್ಪೆ ಪೂರ್ತಿ ಮುಚ್ಚದೆ, ನಿದ್ದೆಯಲ್ಲಿಯೂ ಕಣ್ಣು ಅರೆತೆರೆದು, ಪಟಲ ಒಣಗಿ ಹುಣ್ಣಾಗುತ್ತದೆ. ಅದಕ್ಕಾಗಿಯೇ ಹುಬ್ಬಿಗೂ ರೆಪ್ಪೆಗೂದಲಿಗೂ ನಡುವೆ ಸುಮಾರು 20 ಮಿಲಿಮೀಟರ್ ಚರ್ಮವನ್ನಾದರೂ ಉಳಿಸಬೇಕೆಂಬುದು ಶಸ್ತ್ರವೈದ್ಯರ ರೂಢಿ. ಈ ಎಚ್ಚರ ಇಂದಿನದಲ್ಲ. ಎಪ್ಪತ್ತಾರು ನೇತ್ರರೋಗಗಳನ್ನು ಎಣಿಸಿ ಅವುಗಳಲ್ಲಿ ಇಪ್ಪತ್ತೊಂದನ್ನು ರೆಪ್ಪೆಗೇ ಮೀಸಲಿಟ್ಟ ಸುಶ್ರುತಸಂಹಿತೆಯ ಉತ್ತರತಂತ್ರವು, ಕೂದಲು ಒಳತಿರುಗುವ ಪಕ್ಷ್ಮಕೋಪ ಎಂಬ ರೋಗಕ್ಕೆ ಮೇಲ್ರೆಪ್ಪೆಯಲ್ಲಿ ಹುಬ್ಬಿನ ಕಡೆ ಎರಡು ಭಾಗ, ಕೂದಲಿನ ಕಡೆ ಒಂದು ಭಾಗ ಬಿಟ್ಟು, ನಡುವಿನಿಂದ ಜವೆಗೋದಿಯ ಕಾಳಿನ ಆಕಾರದಷ್ಟು ಚರ್ಮವನ್ನು ತೆಗೆದು ಕೂದಲಿನಿಂದ ಹೊಲಿಯಬೇಕೆಂದು ವಿಧಿಸುತ್ತದೆ. ಎಷ್ಟು ತೆಗೆಯಬೇಕೆಂಬುದರಷ್ಟೇ ಎಷ್ಟು ಬಿಡಬೇಕೆಂಬುದೂ ಅಲ್ಲಿ ಶಾಸ್ತ್ರವಾಗಿದೆ. ಹೊಸ ಯೌವನವನ್ನು ಬೇಡುವ ಯಯಾತಿಯ ಆಸೆಗೂ ಕಾಣುವಷ್ಟು ಮಾತ್ರ ರೆಪ್ಪೆಯನ್ನು ಹಗುರಾಗಿಸಿಕೊಳ್ಳುವ ಹಿರಿಯರ ಬಯಕೆಗೂ ಇರುವ ವ್ಯತ್ಯಾಸ ಈ ಅಳತೆಯಲ್ಲಿದೆ.

ಇನ್ನು ವೈರಾಗ್ಯದ ಮಾತು. ಮಕ್ತಲ್ ಕಡೆಯಿಂದ ಕೃಷ್ಣೆಯನ್ನು ದಾಟಿ, ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರುಗಡ್ಡೆ ನಡುಗಡ್ಡೆಗೆ ಹೋಗುವ ಭಕ್ತರಾಗಲಿ, ಗದ್ವಾಲ ಕೋಟೆಯ ಚೆನ್ನಕೇಶವನ ಮುಂದೆ, ಆಲಂಪುರದ ಜೋಗುಳಾಂಬೆಯ ಮುಂದೆ ನಿಲ್ಲುವವರಾಗಲಿ, ಬಯಸುವುದು ದರ್ಶನವನ್ನು. ದೇವರನ್ನು ನೋಡುವುದು ಮತ್ತು ದೇವರ ದೃಷ್ಟಿ ತಮ್ಮ ಮೇಲೆ ಬೀಳುವುದು ಇವೆರಡೂ ಸೇರಿದ ಕ್ರಿಯೆ ಅದು. ಬೆರಳಿನಿಂದ ರೆಪ್ಪೆಯನ್ನು ಎತ್ತಿ ಹಿಡಿದು ಮಂಗಳಾರತಿಯ ಬೆಳಕಿನಲ್ಲಿ ದೇವರ ಮುಖವನ್ನು ಹುಡುಕುವ ಮುದುಕಿಗೆ 'ಇನ್ನೇನ್ ನೋಡೋದದ' ಎಂಬ ಮಾತು ಒಪ್ಪುವುದಿಲ್ಲ. ಆ ಮಾತು ಬಹುಸಲ ಹುಟ್ಟುವುದು ಆಸ್ಪತ್ರೆಯ ಖರ್ಚಿನ ಅಂಜಿಕೆಯಿಂದ, ಕರೆದುಕೊಂಡು ಹೋಗುವವರ ಕೆಲಸ ಕೆಡುತ್ತದೆಂಬ ಸಂಕೋಚದಿಂದ. ಬಿಡಬಲ್ಲವರು ತಾವಾಗಿ ಬಿಟ್ಟರೆ ಅದು ತ್ಯಾಗ. ಬೇರೆ ದಾರಿಯಿಲ್ಲದೆ ಬಿಟ್ಟದ್ದಕ್ಕೆ ತ್ಯಾಗವೆಂದು ಹೆಸರಿಟ್ಟರೆ ತ್ಯಾಗಕ್ಕೂ ಅಪಚಾರ, ಹಿರಿಯರಿಗೂ ಅನ್ಯಾಯ.

ಪುರಾಣವು ಈ ವಿಚಾರಕ್ಕೆ ಅಪೂರ್ವವಾದ ಬೆಂಬಲ ಕೊಡುತ್ತದೆ. ವಿಷ್ಣುಪುರಾಣ ಮತ್ತು ಭಾಗವತಗಳು ಹೇಳುವಂತೆ, ವಸಿಷ್ಠರ ಶಾಪದಿಂದ ದೇಹವನ್ನು ಕಳೆದುಕೊಂಡ ನಿಮಿ ಮಹಾರಾಜನಿಗೆ ದೇವತೆಗಳು ಮತ್ತೆ ಜೀವ ಕೊಡಲು ಮುಂದಾದಾಗ, ಅವನು ದೇಹದ ಬಂಧ ಇನ್ನು ಬೇಡವೆಂದು ನಿರಾಕರಿಸುತ್ತಾನೆ. ಆಗ ಅವನಿಗೆ ಸಕಲ ಪ್ರಾಣಿಗಳ ಕಣ್ಣುಗಳಲ್ಲಿ ನೆಲೆ ದೊರೆತು, ಅಂದಿನಿಂದ ರೆಪ್ಪೆಗಳು ತೆರೆದು ಮುಚ್ಚುತ್ತಿವೆ. ದೇಹವನ್ನೇ ತೊರೆದ ವಿರಾಗಿಗೆ ಲೋಕದ ಕಣ್ಣು ಕಾಯುವ ತಾಣವೇ ನೆಲೆಯಾದದ್ದು, ಅವನ ವಂಶದಲ್ಲೇ ರಾಜ್ಯವಾಳುತ್ತ ನಿರ್ಲಿಪ್ತನಾಗಿದ್ದ ಜನಕ ಹುಟ್ಟಿಬಂದದ್ದು, ವೈರಾಗ್ಯಕ್ಕೂ ಆರೈಕೆಗೂ ವಿರೋಧವಿಲ್ಲವೆಂಬುದನ್ನು ಮನಗಾಣಿಸುತ್ತವೆ. ತನ್ನ ದೇಹದ ಮಮತೆಯನ್ನು ಬಿಡುವುದು ಸಾಧಕನ ಕೆಲಸ. ಇನ್ನೊಬ್ಬರ ದೇಹದ ನೋವನ್ನು ಅಲಕ್ಷಿಸಲು ಅದು ಯಾರಿಗೂ ಅಪ್ಪಣೆ ಕೊಡುವುದಿಲ್ಲ.

ತೆಲಂಗಾಣ ಸರ್ಕಾರ 2018ರ ಆಗಸ್ಟ್ 15ರಂದು ಆರಂಭಿಸಿದ 'ಕಂಟಿ ವೆಲುಗು' ಯೋಜನೆ ಊರೂರಿಗೆ ಕಣ್ಣಿನ ತಪಾಸಣೆಯನ್ನೂ ಕನ್ನಡಕವನ್ನೂ ತಂದಿತು. ಆದರೆ ಇಳಿಬಿದ್ದ ಚರ್ಮವನ್ನು ಕನ್ನಡಕ ಎತ್ತಲಾರದು, ಒಳತಿರುಗಿದ ಕೂದಲನ್ನು ತಡೆಯಲಾರದು. ಈ ತೊಂದರೆಗಳನ್ನು ಮೊದಲು ಗಮನಿಸಬೇಕಾದವರು ಮನೆಯವರೇ. ಕಣ್ಣು ಕೆಂಪಾಗಿ ನೀರು ಸುರಿಯುತ್ತಿದ್ದರೆ, ಬೆಳಕು ಚುಚ್ಚುತ್ತಿದ್ದರೆ ಸೊಪ್ಪಿನ ರಸ ಹಿಂಡದೆ ತಡವಿಲ್ಲದೆ ನೇತ್ರವೈದ್ಯರಲ್ಲಿಗೆ ಕರೆದೊಯ್ಯುವುದು, ರೆಪ್ಪೆ ದಿಢೀರನೆ ಇಳಿದರೆ ಅದು ಮುಪ್ಪಿನದೆಂದು ಸುಮ್ಮನಿರದಿರುವುದು, ಶಸ್ತ್ರಚಿಕಿತ್ಸೆ ಬೇಕೆ ಬೇಡವೆ ಎಂಬುದನ್ನು ಹಿರಿಯರನ್ನೇ ಕೇಳಿ ನಿರ್ಧರಿಸುವುದು, ಇವು ಗೃಹಸ್ಥಧರ್ಮದ ಭಾಗಗಳೇ ಆಗಿವೆ. ಮನೆಯವರು ತಮ್ಮ ಪಾಲಿನ ಈ ಕರ್ತವ್ಯವನ್ನು ನೆರವೇರಿಸಿದ ಮೇಲೆ, ತೆರೆದ ಕಣ್ಣಿನಿಂದ ಲೋಕವನ್ನು ಇನ್ನೂ ನೋಡಬೇಕೋ, ಕಣ್ಣು ಮುಚ್ಚಿ ಒಳಗೆ ನೋಡಬೇಕೋ ಎಂಬ ಆಯ್ಕೆ ಹಿರಿಯರದಾಗುತ್ತದೆ. ಆ ಆಯ್ಕೆ ಕೈಯಲ್ಲಿದ್ದಾಗ ಮಾತ್ರ ಅವರ ವೈರಾಗ್ಯವೂ ನಿಜವಾದೀತು.