ಹೊಳೆಯ ಮಡುವಿಗೆ ದಾರಿ ಹೇಳಬೇಕೆ?

ತನಗೆ ಗೊತ್ತಿರುವ ಒಂದು ಒಳ್ಳೆಯ ಸ್ಥಳವನ್ನು ಇನ್ನೊಬ್ಬರಿಗೆ ತಿಳಿಸದೆ ಮುಚ್ಚಿಡುವುದು ತಪ್ಪೇ? ಹಣವನ್ನು ಮುಚ್ಚಿಟ್ಟರೆ ಜಿಪುಣತನವೆನ್ನುತ್ತೇವೆ, ವಿದ್ಯೆಯನ್ನು ಮುಚ್ಚಿಟ್ಟರೆ ಸಣ್ಣತನವೆನ್ನುತ್ತೇವೆ. ಆದರೆ ಕಾಡಿನ ನಡುವೆ ಹರಿಯುವ ಹೊಳೆಯ ಒಂದು ಮಡುವನ್ನು, ಅಲ್ಲಿಗೆ ಹೋಗುವ ಕಾಲುದಾರಿಯನ್ನು ಹೇಳದೆ ಇರುವವನನ್ನು ಏನೆಂದು ಕರೆಯಬೇಕು? ಊರು ಬಿಟ್ಟು ಮುಂಬಯಿ ಸೇರಿದ ನಮ್ಮಂಥವರಿಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ರಜೆಗೆ ಹೋಗಿ ಬಂದು ಮೊಬೈಲಿನ ಚಿತ್ರ ತೋರಿಸಿದ ಕೂಡಲೇ ಕಚೇರಿಯಲ್ಲಿ ಮರಾಠಿ, ಗುಜರಾತಿ, ಹಿಂದಿ ಎಲ್ಲ ಭಾಷೆಗಳಲ್ಲೂ ಎದುರಾಗುವ ಪ್ರಶ್ನೆ ಒಂದೇ: ಇದು ಎಲ್ಲಿದೆ?

ನಮ್ಮ ಸಂಘದ ಸದಸ್ಯರಲ್ಲಿ ಅರ್ಧಕ್ಕರ್ಧ ಮಂದಿ ಘಟ್ಟದ ಬುಡದವರು ಅಥವಾ ಘಟ್ಟದ ಮೇಲಿನವರು. ಆದ್ದರಿಂದ ಮಡುವೆಂದರೇನೆಂದು ಹಿರಿಯರಿಗೆ ವಿವರಿಸಬೇಕಾಗಿಲ್ಲ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗಾಗಿ ಎರಡು ಮಾತು. ನನಗೆ ಗೊತ್ತಿರುವುದು ಸೀತಾನದಿ. ಆಗುಂಬೆಯ ಆಸುಪಾಸಿನ ಘಟ್ಟದಲ್ಲಿ ಹುಟ್ಟಿ, ಸೋಮೇಶ್ವರ ಅಭಯಾರಣ್ಯದ ಕಾಡಿನೊಳಗೆ ಇಳಿದು, ಹೆಬ್ರಿಯ ಸೀಮೆಯನ್ನು ಹಾದು ಬಾರಕೂರಿನ ಕಡೆಗೆ ಸಾಗಿ ಸಮುದ್ರ ಸೇರುವ ಚಿಕ್ಕ ಹೊಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಮುಂಬಯಿಯ ಮಳೆಯ ಮೂರು ಪಾಲಿಗಿಂತ ಹೆಚ್ಚೆನ್ನಿ. ಆ ನೀರೆಲ್ಲ ನಾಲ್ಕೈದು ತಿಂಗಳು ಕಲ್ಲನ್ನು ಬಡಿಯುತ್ತದೆ. ಬಂಡೆಯ ಒಂದು ಸಣ್ಣ ತಗ್ಗಿನಲ್ಲಿ ನಾಲ್ಕು ಗಟ್ಟಿ ಕಲ್ಲುಗಳು ಸಿಕ್ಕಿಕೊಂಡರೆ ಸುಳಿಯ ನೀರು ಅವನ್ನು ರುಬ್ಬುಗುಂಡಿನಂತೆ ತಿರುಗಿಸುತ್ತದೆ. ತಗ್ಗು ಆಳವಾಗುತ್ತದೆ, ಕಲ್ಲು ಸವೆದು ಉರುಟಾಗುತ್ತದೆ, ಮುಂದಿನ ಮಳೆಗಾಲಕ್ಕೆ ಹೊಸ ಕಲ್ಲು ಬಂದು ಬೀಳುತ್ತದೆ. ಹೀಗೆ ಮನುಷ್ಯನ ಲೆಕ್ಕಕ್ಕೆ ಸಿಗದಷ್ಟು ಮಳೆಗಾಲಗಳು ಕಳೆದ ಮೇಲೆ, ಡಿಸೆಂಬರಿನಲ್ಲಿ ಹೊಳೆ ತಿಳಿಯಾದಾಗ, ಕಗ್ಗಲ್ಲಿನ ನಡುವೆ ನೆಲ ಕಾಣುವ ಒಂದು ಹಸಿರು ಗುಂಡಿ ಉಳಿಯುತ್ತದೆ. ನುಣುಪಾದ ಗೋಡೆ, ತಳದಲ್ಲಿ ಉರುಟು ಕಲ್ಲು, ಮೇಲೆ ಬಾಗಿದ ಮರ. ಕಾಲಿಟ್ಟರೆ ಮೊದಲು ಬರುವವು ಕಿರುಬೆರಳಿನಷ್ಟು ಮೀನುಗಳು.

ಇಂಥ ಮಡುಗಳಿಗೆ ಊರವರು ಹೆಸರಿಟ್ಟಿರುತ್ತಾರೆ. ಆನೆಗುಂಡಿ, ದೇವರಗುಂಡಿ, ಮೊಸಳೆಗುಂಡಿ ಎಂಬಂಥ ಹೆಸರುಗಳು ಪ್ರತಿ ಹೊಳೆಯಲ್ಲೂ ಒಂದಲ್ಲ ಒಂದು ಕಡೆ ಇದ್ದೇ ಇವೆ. ಈ ಹೆಸರುಗಳು ಅಲಂಕಾರಕ್ಕಲ್ಲ. ಹೆಸರಿನೊಡನೆ ಒಂದು ಎಚ್ಚರಿಕೆಯೂ ಹುಡುಗರಿಗೆ ಬರುತ್ತಿತ್ತು: ಇಲ್ಲಿ ಮೀಯಬಹುದು, ಅಲ್ಲಿ ಕೂಡದು, ಈ ಬಂಡೆಯಿಂದ ಹಾರಬಹುದು, ಆ ಬಂಡೆಯ ಅಡಿಯಲ್ಲಿ ಪೊಟರೆಯಿದೆ, ಮೇಲೆ ಘಟ್ಟದಲ್ಲಿ ಕಪ್ಪಾದರೆ, ಇಲ್ಲಿ ಬಿಸಿಲಿದ್ದರೂ, ಎದ್ದು ಬರಬೇಕು. ನಮ್ಮ ಕಡೆ ಈಜು ಕಲಿಸುವವರು ಎರಡು ಒಣ ತೆಂಗಿನಕಾಯಿಗಳನ್ನು ಸಿಪ್ಪೆಯೊಡನೆ ಜೋಡಿಸಿ ಹುಡುಗನ ಬೆನ್ನಿಗೆ ಕಟ್ಟಿ ನೀರಿಗೆ ಬಿಡುತ್ತಿದ್ದರು. ಕಲಿಸುವವನು ದಡದಲ್ಲಿ ಕುಳಿತು ಬೀಡಿ ಸೇದುತ್ತಿದ್ದನಾದರೂ ಕಣ್ಣು ಮಾತ್ರ ನೀರಿನ ಮೇಲೆ. ಮುಂಬಯಿಯ ಮುನಿಸಿಪಲ್ ಕೊಳದಲ್ಲಿ ಕ್ಲೋರಿನ್ ವಾಸನೆಯ ನಡುವೆ ಈಜು ಕಲಿತ ನನ್ನ ಮಗಳು ಮೊದಲ ಸಲ ಮಡುವನ್ನು ನೋಡಿ, ಇಲ್ಲಿ ಸೀಟಿ ಊದುವ ಮನುಷ್ಯ ಎಲ್ಲಿ ಎಂದು ಕೇಳಿದಳು. ನಗು ಬಂತು. ಆದರೆ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಳು.

ಏಕೆಂದರೆ ದಾರಿ ಹೇಳುವುದು ಬೇರೆ, ಮಡುವನ್ನು ಹೇಳುವುದು ಬೇರೆ. ಹಿಂದೆ ಇವೆರಡೂ ಒಟ್ಟಿಗೇ ಸಾಗುತ್ತಿದ್ದುವು. ದಾರಿ ತೋರಿಸುವವನು ಜೊತೆಯಲ್ಲೇ ಬರುತ್ತಿದ್ದ. ಈಗ ಮೊಬೈಲಿನ ನಕ್ಷೆಯಲ್ಲಿ ಒಂದು ಚುಕ್ಕಿ ಕಳುಹಿಸಿದರೆ ದಾರಿ ಹೋಯಿತು, ಎಚ್ಚರಿಕೆ ಹಿಂದೆಯೇ ಉಳಿಯಿತು. ನೀರಿನ ವಿಚಾರದಲ್ಲಿ ಇದು ಸಣ್ಣ ನಷ್ಟವಲ್ಲ. ಶಾಲೆಯಲ್ಲಿ ಓದಿದ ಭೌತಶಾಸ್ತ್ರವನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಬೆಳಕು ನೀರಿನಿಂದ ಹೊರಬರುವಾಗ ಬಾಗುವುದರಿಂದ ನೇರವಾಗಿ ಬಗ್ಗಿ ನೋಡಿದವನಿಗೆ 8 ಅಡಿ ಆಳ 6 ಅಡಿಯಂತೆ ಕಾಣುತ್ತದೆ. ದಡದಿಂದ ಓರೆಯಾಗಿ ನೋಡಿದರೆ ಇನ್ನೂ ಕಡಮೆ. ತಿಳಿನೀರಿನ ಮಡುವಿನಷ್ಟು ಮೋಸದ ಮಡು ಮತ್ತೊಂದಿಲ್ಲ. ಅಬ್ಬಿಯ ಬುಡದ ಬಿಳಿ ನೊರೆಯಲ್ಲಿ ಗಾಳಿಯ ಗುಳ್ಳೆ ತುಂಬಿರುವುದರಿಂದ ಅಲ್ಲಿ ನೀರಿನ ಸಾಂದ್ರತೆ ಕಡಮೆ. ಎತ್ತಿ ಹಿಡಿಯುವ ಬಲವೂ ಕಡಮೆ. ಕೊಳದಲ್ಲಿ ಚೆನ್ನಾಗಿ ಈಜಬಲ್ಲವನೂ ಅಲ್ಲಿ ಮುಳುಗುತ್ತಾನೆ. ಇನ್ನು ಘಟ್ಟದ ಹೊಳೆ ಏರುವ ವೇಗ! ಮೇಲೆ ಎಲ್ಲೋ ಸುರಿದ ಮಳೆ ಕೆಳಗಿನವನಿಗೆ ಕಾಣುವುದಿಲ್ಲ, ನೀರು ಮಾತ್ರ ಬರುತ್ತದೆ. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಬಳಿಯ ಜಲಪಾತದಲ್ಲಿ ಒಂದೇ ಕುಟುಂಬದ 5 ಮಂದಿ ಕೊಚ್ಚಿಹೋದದ್ದನ್ನು ನಾವೆಲ್ಲ ನೋಡಿದೆವು. ನೋಡಿದೆವು ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಅವರು ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದ ಆ ಕೊನೆಯ ನಿಮಿಷ ಊರೆಲ್ಲ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಸಹ್ಯಾದ್ರಿಯ ಹೊಳೆಗಳ ಸ್ವಭಾವ ಲೋಣಾವಳದಲ್ಲಿ ಒಂದು, ಆಗುಂಬೆಯಲ್ಲಿ ಇನ್ನೊಂದು ಅಲ್ಲ.

ದಾರಿ ಹೇಳಿದವನಿಗೆ ಇಂಥ ಸಾವಿನಲ್ಲಿ ಪಾಲಿದೆಯೆ? ಕಾನೂನಿನಲ್ಲಿ ಇರಲಾರದು. ಆದರೆ ಕಾನೂನು ಕೇಳದ ಪ್ರಶ್ನೆಗಳು ಮನುಷ್ಯನಿಗೆ ಇರುತ್ತವೆಯಷ್ಟೆ. ಚೂರಿಯನ್ನು ಹಿಡಿ ಇಲ್ಲದೆ ಕೈಗೆ ಕೊಟ್ಟವನು, ನಾನು ಕೊಟ್ಟದ್ದು ಚೂರಿಯನ್ನು ಮಾತ್ರ, ಗಾಯವನ್ನಲ್ಲ ಎಂದರೆ ಸಾಕಾಗದು.

ಇಷ್ಟಕ್ಕೇ ಆದರೆ ತೀರ್ಮಾನ ಸುಲಭ: ಹೇಳಬಾರದು. ಮಡುವಿನ ಪರವಾಗಿ ಮಾತಾಡುವವರೂ ಇದನ್ನೇ ಹೇಳುತ್ತಾರೆ. ಗ್ಯಾರೆಟ್ ಹಾರ್ಡಿನ್ ಎಂಬ ಜೀವವಿಜ್ಞಾನಿ 1968ರಲ್ಲಿ ಬರೆದ ಲೇಖನವೊಂದು ಬಹಳ ಪ್ರಸಿದ್ಧ. ಎಲ್ಲರಿಗೂ ತೆರೆದ ಗೋಮಾಳದಲ್ಲಿ ಪ್ರತಿಯೊಬ್ಬನೂ ಇನ್ನೊಂದು ದನವನ್ನು ಬಿಡುತ್ತಾ ಹೋಗಿ ಕೊನೆಗೆ ಗೋಮಾಳವೇ ಹಾಳಾಗುತ್ತದೆ ಎಂಬುದು ಅವನ ವಾದ. ಮಡುವಿನ ಸಂಗತಿಯೂ ಹಾಗೆಯೇ ಎನಿಸುತ್ತದೆ. ಹತ್ತು ಜನ ಮಿಂದರೆ ಹೊಳೆಗೆ ಗೊತ್ತೂ ಆಗದು. ನೂರು ಜನ ಶಾಂಪೂ ಹಚ್ಚಿ, ಬಾಟ್ಲಿ ಒಡೆದು, ಪ್ಲಾಸ್ಟಿಕ್ ತಟ್ಟೆ ಬಿಟ್ಟು ಹೋದರೆ ಬೇಸಗೆಯಲ್ಲಿ ಹರಿವು ಕಡಮೆಯಾದ ಆ ಪುಟ್ಟ ಗುಂಡಿಗೆ ಅದನ್ನು ತೊಳೆದುಕೊಳ್ಳಲು ಮುಂದಿನ ಮಳೆಗಾಲವೇ ಬರಬೇಕು. ಗಾಜಿನ ಚೂರನ್ನು ಮಳೆಗಾಲವೂ ತೊಳೆಯದು.

ಆದರೆ ಹಾರ್ಡಿನ್ನನ ವಾದದಲ್ಲಿ ಒಂದು ದೊಡ್ಡ ತೂತಿದೆ. ಅದನ್ನು ತೋರಿಸಿದಾಕೆ ಎಲಿನರ್ ಆಸ್ಟ್ರಮ್. 1990ರ ತನ್ನ ಪುಸ್ತಕದಲ್ಲಿ ಆಕೆ, ಹುಲ್ಲುಗಾವಲು, ಕಾಲುವೆ, ಮೀನುಗಾರಿಕೆ ಇವುಗಳನ್ನು ಜನರೇ ತಮ್ಮೊಳಗೆ ನಿಯಮ ಮಾಡಿಕೊಂಡು ತಲೆಮಾರುಗಳ ಕಾಲ ಕಾಪಾಡಿಕೊಂಡ ಉದಾಹರಣೆಗಳನ್ನು ಕೊಟ್ಟಳು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಆಕೆಯೇ. ಹಾಳಾಗುವುದು ಎಲ್ಲರಿಗೂ ಸೇರಿದ್ದಲ್ಲ, ಹೇಳುವವರು ಕೇಳುವವರು ಇಲ್ಲದ್ದು. ಇದಕ್ಕೆ ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಶೃಂಗೇರಿಯ ತುಂಗೆಯಲ್ಲಿ, ಬೆಳ್ತಂಗಡಿ ತಾಲೂಕಿನ ಶಿಶಿಲದ ಕಪಿಲಾ ಹೊಳೆಯಲ್ಲಿ ಮತ್ಸ್ಯತೀರ್ಥಗಳಿವೆ. ಮೀನಿಗೆ ಅಕ್ಕಿ ಹಾಕಬಹುದು, ಹಿಡಿಯಬಾರದು. ದಿನವೂ ಹೊರಗಿನ ಜನ ಬರುತ್ತಾರೆ. ಆದರೂ ಮೊಳದುದ್ದದ ಮೀನುಗಳು ಕಾಲ ಬಳಿಯೇ ಸುಳಿದಾಡುತ್ತವೆ. 1996ರಲ್ಲಿ ದುಷ್ಕರ್ಮಿಗಳು ಶಿಶಿಲದ ನೀರಿಗೆ ವಿಷ ಹಾಕಿದಾಗ ಸತ್ತ ಮೀನುಗಳ ನೆನಪಿಗೆ ಊರವರು ಸ್ಮಾರಕವನ್ನೇ ಕಟ್ಟಿದರು. ಅಲ್ಲಿ ರಕ್ಷಣೆ ಕೊಟ್ಟದ್ದು ಗುಟ್ಟಲ್ಲ. ಸ್ಥಳ ಎಲ್ಲರಿಗೂ ಗೊತ್ತು, ನಿಯಮವೂ ಎಲ್ಲರಿಗೂ ಗೊತ್ತು.

ಗುಟ್ಟಿನ ಬಗ್ಗೆ ನನಗೆ ಇನ್ನೂ ಒಂದು ಅನುಮಾನವಿದೆ. ನಮ್ಮ ಬಾಲ್ಯದ ಹೊಳೆಯನ್ನು ನೆನೆದು ಬರೆಯುವ ನಾವು, ಮೇಲಿನ ಕಡವು ಯಾರದಾಗಿತ್ತು, ಕೆಳಗಿನ ಕಡವು ಯಾರದಾಗಿತ್ತು ಎಂಬುದನ್ನು ಬರೆಯುವುದಿಲ್ಲ. ಒಂದೇ ಹೊಳೆಯಲ್ಲಿ ಯಾರು ಎಲ್ಲಿ ಇಳಿಯಬೇಕೆಂಬುದು ಹುಟ್ಟಿನಿಂದಲೇ ಗೊತ್ತಾಗಿರುತ್ತಿತ್ತು. ಮುಂಬಯಿಯಿಂದ ಗೋವೆಯ ಹೆದ್ದಾರಿಯಲ್ಲಿ ಸಿಗುವ ಮಹಾಡವನ್ನು ನೆನೆಯಿರಿ. ಅಲ್ಲಿನ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆಯಬೇಕೆಂದು ಕಾಗದದ ಮೇಲೆ ನಿರ್ಣಯವಾಗಿ ವರ್ಷಗಳಾಗಿದ್ದರೂ, 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಬೊಗಸೆ ನೀರು ಕುಡಿಯಬೇಕಾಯಿತು. ಕೋರ್ಟಿನ ಕೊನೆಯ ತೀರ್ಪು ಬರಲು 1937 ಆಯಿತು. ಇಂಥ ಇತಿಹಾಸವಿರುವ ನೆಲದಲ್ಲಿ 'ಹೊರಗಿನವರು ಬಂದರೆ ನೀರು ಕೆಡುತ್ತದೆ' ಎಂಬ ವಾಕ್ಯವನ್ನು ನಾಲಿಗೆಯ ಮೇಲೆ ತರುವ ಮೊದಲು ಎರಡು ಸಲ ಯೋಚಿಸಬೇಕು. ಶಾಂಪೂ ಕೆಡಿಸುತ್ತದೆ, ಮನುಷ್ಯ ಕೆಡಿಸುವುದಿಲ್ಲ. ಬಸ್ಸಿನಲ್ಲಿ ಬಂದು ಕುಣಿದಾಡುವ ಹುಡುಗರ ಗುಂಪಿನ ಮೇಲೆ ನನಗೂ ಸಿಟ್ಟು ಬರುತ್ತದೆ. ಆದರೆ ಅವರ ಅಜ್ಜಂದಿರಲ್ಲಿ ಎಷ್ಟು ಮಂದಿಯನ್ನು ನಮ್ಮ ಅಜ್ಜಂದಿರು ಆ ಬಂಡೆಯ ಮೇಲೆ ಕೂರಲು ಬಿಡುತ್ತಿದ್ದರು?

ಹರಿಯುವ ನೀರು, ಗಾಳಿ, ಸಮುದ್ರ ಇವು ಸ್ವಭಾವತಃ ಎಲ್ಲರಿಗೂ ಸೇರಿದವು ಎಂದು ಪ್ರಾಚೀನ ರೋಮಿನ ಕಾನೂನು ಹೇಳುತ್ತಿತ್ತು. ಹಿಮಾಚಲದಲ್ಲಿ ಬಿಯಾಸ್ ನದಿಯ ಪಾತ್ರವನ್ನು ಒಂದು ವಿಹಾರಧಾಮಕ್ಕಾಗಿ ತಿರುಗಿಸಿದ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು 1996ರಲ್ಲಿ ಅದೇ ತತ್ತ್ವವನ್ನು ಎತ್ತಿ ಹಿಡಿಯಿತು: ಇಂಥ ಸಂಪತ್ತಿಗೆ ಸರಕಾರ ಒಡೆಯನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ. ಸರಕಾರವೇ ಒಡೆಯನಲ್ಲವೆಂದ ಮೇಲೆ, ವರ್ಷಕ್ಕೆ ಹತ್ತು ದಿನ ಮತ್ಸ್ಯಗಂಧಾ ರೈಲಿನಲ್ಲಿ ಹೋಗಿಬರುವ ನಾನು ಒಡೆಯನಾಗುವುದು ಹೇಗೆ?

ಗುಟ್ಟು ಹೊಳೆಯನ್ನು ಕಾಯುತ್ತದೆಂಬ ನಂಬಿಕೆಯೂ ಅರ್ಧ ಸತ್ಯವೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಎಷ್ಟು ಮಡುಗಳು ಹೆಸರಿನೊಡನೆ ಮುಳುಗಿದುವೋ ಲೆಕ್ಕವಿಟ್ಟವರಿಲ್ಲ. ಬೇಡ್ತಿಯ ಯೋಜನೆ ಬಂದಾಗ ಕತೆ ಬೇರೆಯಾಯಿತು. ಅಡಿಕೆ ತೋಟದವರು, ವಿಜ್ಞಾನಿಗಳು, ಸಾಹಿತಿಗಳು 1981ರಲ್ಲಿ ಶಿರಸಿಯಲ್ಲಿ ಸೇರಿ ಲಾಭ ನಷ್ಟದ ಲೆಕ್ಕ ಹಾಕಿದರು, ಯೋಜನೆ ನಿಂತಿತು. ಕಣಿವೆಯಲ್ಲಿ ಏನಿದೆಯೆಂದು ಹೊರಗಿನವರಿಗೂ ಗೊತ್ತಾದದ್ದರಿಂದ ತಾನೆ ಆ ಮಾತಿಗೆ ಬೆಂಬಲ ಸಿಕ್ಕಿದ್ದು? ಕಾಲಿಟ್ಟು ನೋಡದ ನೀರಿಗಾಗಿ ಯಾರೂ ಸಹಿ ಹಾಕುವುದಿಲ್ಲ.

ಹಾಗಾದರೆ ಹೇಳಬೇಕು, ಹೇಗೆ ಹೇಳಬೇಕೆಂಬುದೇ ಉಳಿದ ಪ್ರಶ್ನೆ. ಯೋಚಿಸಿದಷ್ಟೂ ನನಗೆ ತೋರುವುದು, ಒಡೆತನಕ್ಕೂ ಕಾವಲಿಗೂ ವ್ಯತ್ಯಾಸ ಮಾಡಬೇಕೆಂದು. ಹೊಳೆಯ ಒಡೆತನ ಯಾರಿಗೂ ಇಲ್ಲ. ಆದರೆ ಮುಳುಗಿದವನನ್ನು ಹುಡುಕಲು ನೀರಿಗೆ ಹಾರುವವನು, ಒಡೆದ ಬಾಟ್ಲಿ ಹೆಕ್ಕುವವನು, ಆ ನೀರನ್ನೇ ದನಕ್ಕೆ ಕುಡಿಸುವವನು ದಡದ ಮನೆಯಾತ. ಅವನ ಮಾತಿಗೆ ನನ್ನ ನೆನಪಿಗಿಂತ, ಪ್ರವಾಸಿಗನ ಹಕ್ಕಿಗಿಂತ ಹೆಚ್ಚು ತೂಕವಿರಬೇಕು. ಆದ್ದರಿಂದ ನಾನು ನಕ್ಷೆಯ ಚುಕ್ಕಿ ಕಳುಹಿಸುವುದಿಲ್ಲ. ಆ ಮನೆಗೆ ದಾರಿ ಹೇಳುತ್ತೇನೆ. ಮಳೆಗಾಲ ಬೇಡ, ಡಿಸೆಂಬರಿನಿಂದ ಫೆಬ್ರುವರಿಯೊಳಗೆ ಹೋಗಿ, ಸಾಬೂನು ಬೇಡ, ತಲೆಕೆಳಗಾಗಿ ಹಾರಬೇಡಿ, ಆತ ಹೇಳಿದಲ್ಲಿ ಇಳಿಯಿರಿ ಎನ್ನುತ್ತೇನೆ. ಅಷ್ಟು ಕೇಳಿದ ಮೇಲೆ ಅರ್ಧ ಮಂದಿ ಖಂಡಾಲದ ಹೊಟೆಲಿನ ಈಜುಕೊಳವೇ ಸಾಕೆನ್ನುತ್ತಾರೆ, ಅದೂ ಒಳ್ಳೆಯದೇ.

ಇದರಲ್ಲೂ ಒಂದು ತೊಡಕು ಉಳಿದಿದೆಯೆಂದು ಬಲ್ಲೆ. ದಡದ ಮನೆಯಾತ ಬಂದವನ ಹೆಸರು ಕೇಳಿ, ಹೆಸರಿನ ಮೇಲೆಯೇ ಬೇಡವೆಂದರೆ? ಕಾವಲುಗಾರನ ಕೈಯಲ್ಲಿ ಹಳೆಯ ಬೇಲಿಯನ್ನೇ ಮತ್ತೆ ಕೊಟ್ಟಂತಾಗಲಿಲ್ಲವೆ? ನೀರಿನ ಸ್ಥಿತಿ ನೋಡಿ ಹೇಳುವ 'ಬೇಡ'ಕ್ಕೆ ತಲೆಬಾಗಬೇಕು, ಮನುಷ್ಯನ ಮುಖ ನೋಡಿ ಹೇಳುವ 'ಬೇಡ'ಕ್ಕೆ ಬಾಗಬಾರದು. ಇವೆರಡನ್ನೂ ಬಿಡಿಸಿ ತಿಳಿಯಲು ಇರುವ ಒಂದು ಗುರುತೆಂದರೆ, ಮೊದಲನೆಯದು ಊರವರಿಗೂ ನಂಟರಿಗೂ ಅನ್ವಯಿಸುತ್ತದೆ. ಕಳೆದ ಮೇ ತಿಂಗಳಲ್ಲಿ ನಾವು ಹೋದಾಗ ಹೊಳೆ ತೀರ ಇಳಿದಿತ್ತು. ಮೇಲಿನಿಂದ ಬಂದ ಮೀನೆಲ್ಲ ಆ ಒಂದು ಗುಂಡಿಯಲ್ಲಿ ಒತ್ತೊತ್ತಾಗಿ ನಿಂತಿತ್ತು. ಈ ಸಲ ಯಾರೂ ಇಳಿಯುವುದು ಬೇಡ ಎಂದ ಆತ, ನನಗೂ ಸೇರಿಸಿ. ಮಗಳು ಬಂಡೆಯ ಮೇಲೆ ಕುಳಿತು ಬಹಳ ಹೊತ್ತು ಮೀನು ನೋಡಿದಳು. ಸಂಜೆ ಎಲ್ಲರೂ ಬಾವಿಕಟ್ಟೆಯಲ್ಲೇ ಮಿಂದೆವು.